ಬ್ರೆಡ್ ಹಾಕುವ ಬ್ರೋನಾ ಯಾವ ಕಡೆ

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಬ್ರೋನಾ ಗಾರ್ಮ್ಲಿಯ ಬ್ರೆಡ್ ವ್ಯಾನು ನನ್ನ ಅಂಗಡಿಯ ಮುಂದೆ ನಿಲ್ಲುತ್ತದೆ. ಎರಡೂ ಕೈಯಲ್ಲಿ ಟ್ರೇ ತುಂಬಿಕೊಂಡು, ಸೊಂಟದಿಂದ ಬಾಗಿಲು ತಳ್ಳಿ ಒಳಗೆ ಬರುತ್ತಾಳೆ. ಹಿಂದಿನ ದಿನ ಉಳಿದ ಬ್ರೆಡ್ಡನ್ನು ವಾಪಸು ತೆಗೆದುಕೊಳ್ಳುವುದು ಬೇಕರಿಯ ಪದ್ಧತಿ. ನಾನು ಅದಕ್ಕಿಂತ ಹಳೆಯ ಒಂದೆರಡನ್ನು ನಡುವೆ ತೂರಿಸಿದರೆ ಮುಟ್ಟದೆಯೇ ಪತ್ತೆ ಹಚ್ಚುತ್ತಾಳೆ.

"ಯಜಮಾನ್ರೇ, ಇದು ಸೋಮವಾರದ್ದು. ಹಂದಿಗೆ ಹಾಕಿ, ನನಗೆ ಬೇಡ."

ಇಪ್ಪತ್ತೊಂದು ವರ್ಷದ ಹುಡುಗಿಗೆ ಇಷ್ಟು ಚುರುಕು ಕಣ್ಣು ಬಂದದ್ದು ಗೋಲು ಕಾದು. ಹನ್ನೊಂದನೇ ವಯಸ್ಸಿಗೇ ಅವಳು ಬೀದಿಯ ಗಂಡುಹುಡುಗರಿಗಿಂತ ಎತ್ತರವಿದ್ದಳು. ಜೊತೆಗೆ ಓಡಿದರೆ ಅವರ ಮರ್ಯಾದೆ ಹೋಗುತ್ತಿತ್ತು, ಅದಕ್ಕೆ ಗೋಲಿನಲ್ಲಿ ನಿಲ್ಲಿಸಿದರು. ಆಮೇಲೆ ಅವರಿಗೆ ಗೋಲು ಹೊಡೆಯಲಾಗದೆ ಮರ್ಯಾದೆ ಹೋಯಿತು.

ನಮ್ಮದು ಸ್ಟ್ರಬೇನ್, ಎರಡು ದೇಶಗಳ ಗಡಿಯ ಮೇಲಿನ ಊರು. ಸೇತುವೆ ದಾಟಿದರೆ ಲಿಫರ್ಡ್. ಇಲ್ಲಿ ಲಂಡನ್ನಿನ ರಾಜ, ಅಲ್ಲಿ ಡಬ್ಲಿನ್ನಿನ ಸರ್ಕಾರ. ಇಲ್ಲಿ ಪೌಂಡು, ಅಲ್ಲಿ ಯೂರೋ. ಬ್ರೆಡ್ಡು ಒಂದೇ, ಅದು ತಡವಾದರೆ ಬೈಯುವ ಮಾತೂ ಒಂದೇ. ಬ್ರೋನಾ ದಿನಕ್ಕೆ ಆರು ಸಲ ಆ ಸೇತುವೆ ದಾಟುತ್ತಾಳೆ. ನಮ್ಮ ಕಡೆ ಹುಟ್ಟಿದವರು ಎರಡರಲ್ಲಿ ಯಾವ ಪಾಸ್‌ಪೋರ್ಟ್ ಬೇಕಾದರೂ ಇಟ್ಟುಕೊಳ್ಳಬಹುದು, ಯಾವ ದೇಶಕ್ಕೆ ಬೇಕಾದರೂ ಫುಟ್‌ಬಾಲ್ ಆಡಬಹುದು. ನಮ್ಮ ಕಡೆಯದು ಬೆಲ್‌ಫಾಸ್ಟಿನ ತಂಡ, ಆ ಕಡೆಯದು ಡಬ್ಲಿನ್ನಿನದು, ಎರಡರ ಅಂಗಿಯೂ ಹಸಿರು. ವ್ಯಾಪಾರಿಗೆ ಇದಕ್ಕಿಂತ ಸುಖ ಉಂಟೇ ಎಂದು ನೀವು ಕೇಳಬಹುದು. ಸುಖವೇನೂ ಇಲ್ಲ. ಡಬ್ಲಿನ್ನಿನ ಹಸಿರು ನನ್ನ ಅಂಗಡಿಯ ಕಿಟಕಿಯಲ್ಲಿ ನೇತಾಡುತ್ತದೆ. ಬೆಲ್‌ಫಾಸ್ಟಿನ ಹಸಿರು ಒಳಕೋಣೆಯಲ್ಲಿ, ಚಹಾ ಪೆಟ್ಟಿಗೆಗಳ ಹಿಂದೆ ಇರುತ್ತದೆ. ಕೇಳಿದವರಿಗೆ ಕಂದು ಕಾಗದ ಸುತ್ತಿ ಕೊಡುತ್ತೇನೆ. ಕೇಳುವವರು ಕಡಿಮೆ, ಏಕೆಂದರೆ ನಮ್ಮ ಬೀದಿ ಪೂರ್ತಿ ಕ್ಯಾಥೊಲಿಕರದ್ದು. ಅವರ ಮನಸ್ಸು ಡಬ್ಲಿನ್ನಿನ ಕಡೆ, ಪ್ರಾಟೆಸ್ಟೆಂಟರದ್ದು ರಾಜನ ಕಡೆ.

ನಮ್ಮವರ ಮಕ್ಕಳಿಗೆ ಹಾಕಿಕೊಟ್ಟ ದಾರಿಯೂ ಒಂದಿದೆ: ಬೆಲ್‌ಫಾಸ್ಟಿನವರ ಹತ್ತಿರ ಕಲಿಯುವುದು, ದೊಡ್ಡವರಾದ ಮೇಲೆ ಡಬ್ಲಿನ್ನಿಗೆ ಆಡುವುದು. ಬ್ರೋನಾ ಅರ್ಧ ದಾರಿ ಬಂದಿದ್ದಳು. ನ್ಯೂಟೌನ್‌ಸ್ಟುವರ್ಟ್ ಕಡೆಯ ಪ್ರಾಟೆಸ್ಟೆಂಟ್ ರೈತನ ಹೆಂಡತಿ ಹೇಜಲ್ ಬುಕಾನನ್ ಎಂಬಾಕೆ ಅವಳ ತರಬೇತುದಾರಳು. ಕುರಿ ವಾಸನೆಯ ಜೀಪಿನಲ್ಲಿ ಎಂಟು ವರ್ಷ ಇವಳನ್ನು ಅಭ್ಯಾಸಕ್ಕೆ ಕರೆದುಕೊಂಡು ಹೋಗಿ ಬಂದಿದ್ದಳು. ಹುಡುಗಿಯರ ತಂಡದಲ್ಲಿ ಬ್ರೋನಾ ಬೆಲ್‌ಫಾಸ್ಟಿಗೇ ಆಡಿದ್ದಳು.

ಕಳೆದ ಅಕ್ಟೋಬರಿನಲ್ಲಿ ಒಂದೇ ವಾರದಲ್ಲಿ ಎರಡೂ ಕಡೆಯಿಂದ ದೊಡ್ಡವರ ತಂಡಕ್ಕೆ ಕರೆ ಬಂತು. ಶುಕ್ರವಾರ ಮಧ್ಯಾಹ್ನದ ಒಳಗೆ ಉತ್ತರ ಹೇಳಬೇಕು. ದೊಡ್ಡವರ ತಂಡದಲ್ಲಿ ಒಮ್ಮೆ ಆಡಲು ತೊಡಗಿದರೆ ಆಮೇಲೆ ಮನಸ್ಸು ಬದಲಾಯಿಸುವುದು ಸುಲಭವಲ್ಲ.

ಇಲ್ಲಿ ನಮ್ಮೂರಿನ ಒಂದು ನಡವಳಿಕೆ ಹೇಳಬೇಕು. ನೀನು ಯಾವ ಕಡೆ ಎಂದು ಯಾರೂ ಯಾರನ್ನೂ ನೇರವಾಗಿ ಕೇಳುವುದಿಲ್ಲ. ಹೆಸರು ಕೇಳುತ್ತೇವೆ, ಓದಿದ ಶಾಲೆ ಕೇಳುತ್ತೇವೆ, ಉಳಿದದ್ದು ತಾನಾಗಿ ತಿಳಿಯುತ್ತದೆ. ಎರಡೂ ಕಡೆಯವರು ಬಾಂಬು ಬಂದೂಕು ಹಿಡಿದಿದ್ದ ಕೆಟ್ಟ ಕಾಲದಲ್ಲಿ ಜೀವ ಉಳಿಸಿದ ಅಭ್ಯಾಸ, ಒಳ್ಳೆಯ ಕಾಲ ಬಂದರೂ ಬಿಟ್ಟಿಲ್ಲ. ಹಾಗಾಗಿ ಆ ವಾರ ಊರೆಲ್ಲ ಬ್ರೋನಾಳ ಮಾತೇ ಆಡಿತು, ಬ್ರೋನಾಳನ್ನು ಮಾತ್ರ ಯಾರೂ ಕೇಳಲಿಲ್ಲ.

ಅವಳ ಚಿಕ್ಕಪ್ಪ ಪ್ಯಾಕಿ, ಗೋಡೆಗೆ ಗಾರೆ ಮಾಡುವವನು, ಸೋಮವಾರ ಅವಳು ಟ್ರೇ ಇಳಿಸುವಾಗ ಅವಳ ಮುಖ ನೋಡದೆ ಚೀಸಿನ ಜೊತೆ ಮಾತಾಡಿದ.

"ಡಬ್ಲಿನ್ ಕಡೆ ಹೋಟ್ಲು ಭಾರಿ ಚೆನ್ನಾಗಿರುತ್ತಂತೆ."

"ನನ್ನ ಏನಾದ್ರೂ ಕೇಳ್ತಿದೀಯಾ ಚಿಕ್ಕಪ್ಪ?"

"ಅಯ್ಯೋ ಇಲ್ಲಮ್ಮ. ಸುಮ್ನೆ ಅಂದೆ."

ಗುರುವಾರ ಬೆಳಗಿನ ಜಾವ ಅವನು ಬಂದು ಏಣಿ ಕೇಳಿದ. ಕೊಟ್ಟೆ. ಹಗ್ಗ ಕೇಳಿದ. ಅದನ್ನು ಮಾರಿದೆ. ನನ್ನ ಮಾಡಿನಿಂದ ಎದುರಿನ ಮಾಂಸದಂಗಡಿಯ ಕಿಟಕಿಗೆ ದೊಡ್ಡ ಹಾಸಿಗೆ ಬಟ್ಟೆಯೊಂದನ್ನು ಅಡ್ಡಲಾಗಿ ಕಟ್ಟಿದ. ಅದರ ಮೇಲೆ ಗಾರೆಯವನ ಕೈಬರಹದಲ್ಲಿ "ಡಬ್ಲಿನ್ನಿಗೆ ಹೊರಟ ನಮ್ಮ ಬ್ರೋನಾ" ಎಂದಿತ್ತು. ಎತ್ತರ ಸಾಕೇ ಎಂದು ತನ್ನ ಕಾರನ್ನು ಅಡಿಯಲ್ಲಿ ಓಡಿಸಿ ನೋಡಿಯೂ ಬಂದ. ಬ್ರೋನಾ ಬರುವುದು ವ್ಯಾನಿನಲ್ಲಿ ಎಂಬುದು ಅವನಿಗಾಗಲಿ ಏಣಿ ಹಿಡಿದವರಿಗಾಗಲಿ ಹೊಳೆಯಲಿಲ್ಲ.

ಇನ್ನೂ ಕತ್ತಲು. ಅವಳು ಬಂದಳು, ಬ್ರೆಡ್ ಇಳಿಸಿದಳು, ಹೊರಟಳು. ವ್ಯಾನಿನ ನೆತ್ತಿಗೆ ಬಟ್ಟೆ ಸಿಕ್ಕಿಕೊಂಡಿತು, ಹಗ್ಗ ಪಟ್ಟನೆ ಹರಿಯಿತು, ನನ್ನ ಮಾಡಿನ ಒಂದು ತುಂಡು ದಬ್ಬೆಯೂ ಜೊತೆಗೆ ಹೋಯಿತು. ಅವಳು ಅಷ್ಟನ್ನೂ ಎಳೆದುಕೊಂಡು ಸೇತುವೆ ದಾಟಿದಳು. ಲಿಫರ್ಡಿನವರು ಯಾರದೋ ಮದುವೆ ಇರಬೇಕೆಂದು ಕೈಬೀಸಿದರಂತೆ.

ಮುಕ್ಕಾಲು ಗಂಟೆಯಲ್ಲಿ ವಾಪಸು ಬಂದಳು. ಬಟ್ಟೆಯನ್ನು ನೀಟಾಗಿ ಮಡಚಿ ಟ್ರೇಯಲ್ಲಿ ತಂದು ಕೌಂಟರಿನ ಮೇಲಿಟ್ಟಳು.

"ಇದು ಯಾರದು?"

ಪ್ಯಾಕಿ ಫ್ರೀಜರಿನ ಹಿಂದಿನಿಂದ ಎದ್ದ. "ನಿನಗೋಸ್ಕರಾನೇ ಕಣೇ ಮಾಡಿದ್ದು!"

"ನನ್ನ ಒಂದ್ಮಾತು ಕೇಳಿದ್ರಾ?"

"ಕೇಳೋಕೇನಿದೆ ಇದ್ರಲ್ಲಿ?"

ಅಂಗಡಿಯಲ್ಲಿದ್ದ ಐವರು ಗಿರಾಕಿಗಳೂ ಒಟ್ಟಿಗೆ ಬೆಣ್ಣೆಯ ಬೆಲೆ ಓದತೊಡಗಿದರು.

ಒಲೆಯ ಪಕ್ಕದ ಸ್ಟೂಲಿನ ಮೇಲೆ ಅವಳ ಅಜ್ಜಿ ನೂಲಾ ಕೂತಿದ್ದಳು. ಬಿಸಿ ಸೋಡಾ ಬ್ರೆಡ್ಡಿಗಾಗಿ ದಿನಾ ಬಂದು ಕಾಯುವ ಎಂಬತ್ತಮೂರರ ಮುದುಕಿ. ಪತ್ರಕ್ಕೆ ಅಂಚೆಚೀಟಿ ಅಂಟಿಸುವಾಗ ರಾಜನ ತಲೆ ಕೆಳಗಾಗಿ ಇರುವಂತೆ ನೋಡಿಕೊಂಡೇ ಅಂಟಿಸುವವಳು. ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು.

"ಯಾರೂ ಕೇಳಲ್ಲ ಅಂದ್ರೆ ನಾನೇ ಕೇಳ್ತೀನಿ. ಯಾವ ಕಡೆ ಆಡ್ತೀಯೇ ನೀನು?"

ನನ್ನ ತಂದೆಯ ಕಾಲದಿಂದಲೂ ಆ ಅಂಗಡಿಯಲ್ಲಿ ಯಾರೂ ಕೇಳಿರದ ಪ್ರಶ್ನೆ.

ಬ್ರೋನಾ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಜ್ಜಿ, ಡಬ್ಲಿನ್ನವರ ಹತ್ರ ಈಗಾಗ್ಲೇ ಇಬ್ರು ಗೋಲ್‌ಕೀಪರ್ ಇದಾರೆ. ಇಬ್ರೂ ನನಗಿಂತ ಚೆನ್ನಾಗಿ ಆಡ್ತಾರೆ. ನಾನು ಮೂರನೆಯವಳು, ಕೋಟು ಹಾಕ್ಕೊಂಡು ಬೆಂಚ್ ಮೇಲೆ ಕೂತಿರ್ಬೇಕು. ಬೆಲ್‌ಫಾಸ್ಟಲ್ಲಿ ನಾನೇ ಮೊದಲನೆಯವಳು. ವಾರವೆಲ್ಲಾ ವ್ಯಾನಲ್ಲಿ ಕೂತೇ ಇರ್ತೀನಿ. ಆಟದ ದಿನಾನೂ ಕೂತೇ ಇರ್ಲಾ?"

"ಮತ್ತೆ ಅವರ ಹಾಡು?" ರಾಜನ ಹಾಡಿನ ಮಾತು ಅದು. ಆಟಕ್ಕೆ ಮುಂಚೆ ಅಲ್ಲಿ ಅದನ್ನೇ ನುಡಿಸುತ್ತಾರೆ.

"ತಲೆ ತಗ್ಗಿಸಿ ನನ್ನ ಬೂಟು ನೋಡ್ತಾ ನಿಂತಿರ್ತೀನಿ. ಬಾಯಿ ಬಿಡಲ್ಲ. ಹೇಜಲ್‌ಗೂ ಹೇಳಿದೀನಿ. 'ನನ್ನ ಗಂಡನೂ ಬಾಯಿ ಬಿಡಲ್ಲ, ಅವನಿಗೆ ರಾಗ ಹತ್ತಲ್ಲ' ಅಂದ್ರು."

"ಊರವರಿಗೆ ಹೆಂಗೆ ಮುಖ ತೋರಿಸ್ಲಿ?" ಎಂದ ಪ್ಯಾಕಿ.

"ಇಷ್ಟು ದಿನ ಹೆಂಗೆ ತೋರಿಸ್ತಿದ್ಯೋ ಹಂಗೆ. ಯಾರೂ ಅಷ್ಟೊಂದು ನೋಡಲ್ಲ ಬಿಡು."

ಅಜ್ಜಿ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೋದಳು. ಹುಡುಗಿಯ ಮುಖ ಅಷ್ಟು ಬಾಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಆದರೂ ಮರುದಿನ ಹನ್ನೊಂದೂವರೆಗೆ, ಲಿಫರ್ಡಿನ ಬದಿಯಲ್ಲಿ ವ್ಯಾನು ನಿಲ್ಲಿಸಿ, ಬೆಲ್‌ಫಾಸ್ಟಿಗೆ ಫೋನು ಮಾಡಿ ಬರುತ್ತೇನೆ ಎಂದಳು.

ಊರು ಮುನಿಸಿಕೊಂಡಿತು. ಪ್ಯಾಕಿ ಅವಳು ತರುವ ಬ್ರೆಡ್ ತಿನ್ನುವುದನ್ನೇ ಬಿಟ್ಟು ಒಣ ಬಿಸ್ಕತ್ತಿನಲ್ಲಿ ದಿನ ತಳ್ಳಿದ. ಒಂಬತ್ತನೇ ದಿನ ಹಲ್ಲು ನೋವೆಂದು ಮತ್ತೆ ಬ್ರೆಡ್ಡಿಗೆ ಬಂದ. ಲಿಫರ್ಡಿನ ಹೋಟೆಲಿನವನು ಮಾತ್ರ ದಿನಾ ಕೆಣಕುತ್ತಿದ್ದ: "ಇವತ್ತಿನ ಬ್ರೆಡ್ಡು ರಾಜಂದೋ, ನಮ್ದೋ?" "ಬೆಂದಿದೆಯಾ ನೋಡ್ಕೊಳ್ಳಿ ಸಾಕು" ಎಂದು ಟ್ರೇ ಕುಕ್ಕಿ ಬರುತ್ತಿದ್ದಳು. ಅಜ್ಜಿ ಎಂದಿನಂತೆ ಬಂದು ಸ್ಟೂಲಿನಲ್ಲಿ ಕೂರುತ್ತಿದ್ದಳು. ಮೊಮ್ಮಗಳೊಡನೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದಳು, ಅಷ್ಟೇ.

ನವೆಂಬರಿನ ಆಟದ ದಿನ, ಶನಿವಾರ, ಮುದುಕಿ ಚರ್ಚಿಗೆ ಹಾಕುವ ಕೋಟು ತೊಟ್ಟು, ಒಂದು ದಿಂಬು ಹಿಡಿದು ಅಂಗಡಿಗೆ ಬಂದಳು.

"ನಿನ್ನ ಕಾರು ಬೆಲ್‌ಫಾಸ್ಟ್ ತನಕ ಹೋಗುತ್ತೇನೋ?"

"ಆಟ ನೋಡೋಕಾ?"

"ಮತ್ತೇನು, ಆಲೂಗಡ್ಡೆ ತರೋಕಾ?"

ಅಜ್ಜಿಗೆ ಮೆಟ್ಟಿಲು ಹತ್ತಲು ಆಸರೆ ಬೇಕೆಂದು ಪ್ಯಾಕಿಯೂ ಹಿಂದೆ ಹತ್ತಿ ಕೂತ. ಗುರುತು ಸಿಗದಿರಲೆಂದು ಕೋಟಿನ ಜಿಪ್ಪನ್ನು ಮೂಗಿನವರೆಗೆ ಎಳೆದಿದ್ದ. ಬೆಟ್ಟದ ದಾರಿಯುದ್ದಕ್ಕೂ ಯಾರೂ ಫುಟ್‌ಬಾಲಿನ ಸುದ್ದಿ ಎತ್ತಲಿಲ್ಲ.

ಮೈದಾನದಲ್ಲಿ ಹೇಜಲ್ ನಮಗೆ ಜಾಗ ಹಿಡಿದಿದ್ದಳು. ಫ್ಲಾಸ್ಕಿನಿಂದ ಅಜ್ಜಿಗೆ ಚಹಾ ಕೊಟ್ಟಳು. ಹಾಡು ಶುರುವಾಯಿತು. ಎಲ್ಲರೂ ಎದ್ದರು. ಅಜ್ಜಿ ಕೂತೇ ಇದ್ದಳು.

"ಏನಮ್ಮಾ, ಹುಷಾರಿಲ್ವಾ?" ಎಂದು ಹಿಂದಿನ ಸಾಲಿನವನೊಬ್ಬ ಬಾಗಿ ಕೇಳಿದ.

"ಮಂಡಿ," ಎಂದಳು ಅಜ್ಜಿ.

ಹಿಂದಿನ ಭಾನುವಾರ ಚರ್ಚಿನಲ್ಲಿ ಬೈಬಲ್ ಓದುವಷ್ಟು ಹೊತ್ತೂ ಅವಳು ಕಂಬದಂತೆ ನಿಂತದ್ದನ್ನು ನಾನು ಕಂಡಿದ್ದೆ. ವ್ಯಾಪಾರಿಗೆ ಎಲ್ಲಿ ಬಾಯಿ ಮುಚ್ಚಬೇಕೆಂದು ಗೊತ್ತಿರಬೇಕು. ಹೇಜಲ್‌ಗೂ ಗೊತ್ತಿತ್ತು. ನಿಂತುಕೊಂಡೇ ಅಜ್ಜಿಯ ಬಟ್ಟಲು ಹಿಡಿದುಕೊಂಡಳು. ಕೆಳಗೆ ಬ್ರೋನಾ ತನ್ನ ಬೂಟು ನೋಡುತ್ತಿದ್ದಳು.

ಎದುರಿಗಿದ್ದವರು ಯಾವುದೋ ಚಳಿ ದೇಶದ ಗಟ್ಟಿ ಹುಡುಗಿಯರು. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಅವರಲ್ಲೊಬ್ಬಳು ಹತ್ತಿರದಿಂದ ಬಲಮೂಲೆಗೆ ಬಾರಿಸಿದಳು. ಚೆಂಡು ಒಳಗೆ ಹೋಯಿತೆಂದೇ ಎಲ್ಲರೂ ತಿಳಿದರು. ಬ್ರೋನಾ ಮೈಯನ್ನು ಉದ್ದಕ್ಕೆ ಚಾಚಿ ಹಾರಿ, ಒಂದೇ ಅಂಗೈಯಿಂದ ಅದನ್ನು ಕಂಬದ ಹೊರಗೆ ತಳ್ಳಿದಳು. ಕೂಗು ಏಳುವ ಮೊದಲೇ ನನ್ನ ಪಕ್ಕದಿಂದ ದಿಂಬು ಕೆಳಗೆ ಬಿತ್ತು. ಅಜ್ಜಿ ಕೋಲಿಲ್ಲದೆ ನಿಂತಿದ್ದಳು.

"ಕೂತ್ಕೊಳ್ಳಮ್ಮಾ, ನಮಗೆ ಕಾಣಿಸ್ತಿಲ್ಲ!" ಎಂದ ಹಿಂದಿನವನು.

"ಅವಳು ನನ್ನ ಮೊಮ್ಮಗಳು ಕಣಯ್ಯಾ. ನೀನೂ ಎದ್ದು ನಿಂತ್ಕೋ!"

ಅವನೂ ನಿಂತ. ಆಟ ಗೋಲಿಲ್ಲದೆ ಮುಗಿಯಿತು. ಬ್ರೋನಾ ಕೆಸರು ಮೆತ್ತಿದ ಮುಖದಲ್ಲಿ ಬೇಲಿಯ ಹತ್ತಿರ ಬಂದಾಗ, ಅಜ್ಜಿ ಕರವಸ್ತ್ರಕ್ಕೆ ಉಗುಳು ಹಚ್ಚಿ ಅವಳ ಕೆನ್ನೆ ಒರೆಸಿದಳು.

"ಎಡಗಡೆಗೆ ಹಾರೋದು ಇನ್ನೂ ನಿಧಾನ ನಿಂದು," ಎಂದಳು.

"ಹೂಂ ಅಜ್ಜಿ," ಎಂದು ಬ್ರೋನಾ ನಕ್ಕಳು.

ಸೋಮವಾರ ಆರೂಮುಕ್ಕಾಲಿಗೆ, ಬೀದಿಯಲ್ಲಿ ಯಾರೂ ಇಲ್ಲದಾಗ, ಪ್ಯಾಕಿ ಅಂಗಡಿಗೆ ಬಂದ. ಎರಡು ಸಲ ಬಾಗಿಲ ಕಡೆ ನೋಡಿದ.

"ಆ ಇನ್ನೊಂದು ಹಸಿರು ಇದೆಯಲ್ಲ. ದೊಡ್ಡ ಅಳತೆದು ಸಿಗುತ್ತಾ? ನನಗಲ್ಲ."

"ಮತ್ಯಾರಿಗೆ?"

"ಅದೆಲ್ಲಾ ಕೇಳಬಾರ್ದು."

ಕಂದು ಕಾಗದ ಸುತ್ತಿ ಕೊಟ್ಟೆ. ಅವನು ಹೊರಡುವ ಮೊದಲೇ ವ್ಯಾನು ಬಂತು. ಬ್ರೋನಾ ಸೊಂಟದಿಂದ ಬಾಗಿಲು ತಳ್ಳಿ ಒಳಗೆ ಬಂದು ಟ್ರೇ ಇಳಿಸಿದಳು.

"ಏನದು ಚಿಕ್ಕಪ್ಪ, ಕಂಕುಳಲ್ಲಿ?"

"ಬೆಣ್ಣೆ."

"ಬೆಣ್ಣೆಗೆ ತೋಳು ಬಂದಿದೆ."

ಕಾಗದದಿಂದ ಗೇಣುದ್ದ ಹಸಿರು ತೋಳು ಜೋತಾಡುತ್ತಿತ್ತು. ಬ್ರೋನಾ ಮತ್ತೇನೂ ಕೇಳಲಿಲ್ಲ. ಅದನ್ನು ಮಡಚಿ ಒಳಗೆ ತೂರಿಸಿ, ಕಾಗದದ ಮೂಲೆ ಒತ್ತಿ ಸರಿಮಾಡಿದಳು. ನಾನು ವಾಪಸಿಗೆ ಇಟ್ಟಿದ್ದರಲ್ಲಿ ಎರಡನ್ನು ಹಳೆಯದೆಂದು ಆರಿಸಿ ನನ್ನ ಮುಂದೆಯೇ ಬಿಟ್ಟು, ಸೇತುವೆಯ ಕಡೆ ವ್ಯಾನು ತಿರುಗಿಸಿದಳು.