ಜಲಜಕ್ಕ ಟಿಕ್ ಹಾಕಲಿಲ್ಲ

"ನಿನ್ನ ಫಾರ್ಮ್ ನನಗೆ ಬೈಯ್ತಾ ಉಂಟು" ಎಂದರು ಜಲಜಕ್ಕ, ಫೋನಿನಲ್ಲಿ.

ಶಂಕರಪುರದ ಜಲಜಕ್ಕ ನಮ್ಮ ಮನೆಗೆ ಮಲ್ಲಿಗೆ ಕೊಡುವವರು. ನಾನು ಮಣಿಪಾಲದಲ್ಲಿ ವೆಬ್‌ಸೈಟ್ ಮಾಡಿಕೊಡುವವಳು. ಕಾಪುವಿನ ಮಹಿಳಾ ಮಂಡಳಿಯೊಂದು ಹೆಂಗಸರಿಗೆ ಸ್ಕೂಟರ್ ಕಲಿಸಲು ಹೊರಟಾಗ, ಹೆಸರು ನೋಂದಾಯಿಸುವ ಆನ್‌ಲೈನ್ ಫಾರ್ಮ್ ಮಾಡಿಕೊಟ್ಟವಳು ನಾನೇ. (ಪುಕ್ಕಟೆ. ಹಾಗಾಗಿ ಬೈಗುಳವೂ ಪುಕ್ಕಟೆ.) ಇದ್ದದ್ದು ಇಪ್ಪತ್ತೇ ಸೀಟು. ಹೂವಿನ ಕಟ್ಟು ಹಿಡಿದು ಬಸ್ಸಿಗೆ ಕಾದು ಸಾಕಾಗಿದ್ದ ಜಲಜಕ್ಕನಿಗೆ ಅದರಲ್ಲೊಂದು ಬೇಕೇ ಬೇಕಿತ್ತು.

ಸ್ಕ್ರೀನ್‌ಶಾಟ್ ಕಳಿಸಿದರು. ಪುಟದ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ 'ವಾರ್ನಿಂಗ್: ಅನ್‌ಡಿಫೈನ್ಡ್ ವೇರಿಯಬಲ್'. ಅಂದರೆ, ಬರಬೇಕಿದ್ದ ಉತ್ತರವೊಂದು ಬಂದೇ ಇಲ್ಲ, ಆದರೂ ಪ್ರೋಗ್ರಾಮ್ ಅದನ್ನು ಹುಡುಕುತ್ತಿದೆ.

ನಾನೇನು ಮಾಡಿದೆ? ಅವಸರದಲ್ಲಿ ಎಲ್ಲರೂ ಮಾಡುವುದನ್ನೇ. ಎಚ್ಚರಿಕೆ ಕಾಣಿಸದಂತೆ ಒಂದು ಸಾಲು ಸೇರಿಸಿದೆ. ಪುಟ ಸ್ವಚ್ಛ. "ಈಗ ಹಾಕಿ ನೋಡಿ ಅಕ್ಕ" ಎಂದೆ.

ಅರ್ಧ ಗಂಟೆಗೆ ಮತ್ತೆ ಫೋನ್. "ಬೈಯುವುದು ನಿಂತಿತು. ಆದರೆ ಮಂಡಳಿಯವರ ಲಿಸ್ಟಿನಲ್ಲಿ ನನ್ನ ಹೆಸರೇ ಇಲ್ಲ ಮಾರಾಯ್ತಿ. ಹದಿನೆಂಟು ಜನ ಆಯಿತಂತೆ."

ಈಗ ಕೋಡ್ ತೆರೆದು ಸಾಲುಸಾಲಾಗಿ ಓದಿದೆ. 'ವಿವಾಹಿತೆ', 'ಅವಿವಾಹಿತೆ' ಎಂದು ಎರಡು ಆಯ್ಕೆ ಇಟ್ಟಿದ್ದೆ. ಯಾವುದನ್ನೂ ಒತ್ತದಿದ್ದರೆ ಆ ಉತ್ತರ ಸರ್ವರ್‌ಗೆ ಬರುವುದೇ ಇಲ್ಲ. ಉತ್ತರ ಬಾರದವರ ಹೆಸರು ಸೇವ್ ಆಗುವುದೂ ಇಲ್ಲ.

"ಅಕ್ಕ, ಮದುವೆಯ ಪ್ರಶ್ನೆಗೆ ಟಿಕ್ ಹಾಕಲಿಲ್ವಾ?"

"ಎಂತ ಹಾಕುವುದು? ದುಬೈಗೆ ಹೋದವರದ್ದು ಹನ್ನೆರಡು ವರ್ಷದಿಂದ ಸುದ್ದಿ ಇಲ್ಲ. ಆಗಿದೆ ಅಂದರೆ ಗಂಡ ಎಲ್ಲಿ ಅಂತ ಕೇಳ್ತಾರೆ. ಇಲ್ಲ ಅಂದರೆ ಸುಳ್ಳಾಗ್ತದೆ." ಮತ್ತೆ ಅವರೇ ಕೇಳಿದರು: "ಅಲ್ಲ, ಸ್ಕೂಟರ್ ಕಲಿಯಲಿಕ್ಕೆ ಅದೆಂತಕ್ಕೆ?"

ಎಂತಕ್ಕೆ? ನನಗೂ ಗೊತ್ತಿರಲಿಲ್ಲ. ಹಳೆಯ ಯಾವುದೋ ಫಾರ್ಮಿನಿಂದ ಕಾಪಿ ಮಾಡಿದ್ದೆ, ಅಷ್ಟೆ.

ಉತ್ತರ ಬಂದಿದೆಯೇ ಎಂದು ಮೊದಲು ನೋಡು, ಬಾರದಿದ್ದರೆ ಖಾಲಿ ಬಿಟ್ಟು ಮುಂದೆ ಹೋಗು ಎಂದು ಪ್ರೋಗ್ರಾಮಿಗೆ ಹೇಳಬಹುದು. ಉಳಿದ ಪ್ರಶ್ನೆಗಳಿಗೆ ಹಾಗೆಯೇ ಹೇಳಿದೆ. ಮದುವೆಯ ಪ್ರಶ್ನೆಯನ್ನು ಮಾತ್ರ ಅಳಿಸಿಯೇ ಬಿಟ್ಟೆ. ಮುಚ್ಚಿಟ್ಟಿದ್ದ ಎಚ್ಚರಿಕೆಯನ್ನೂ ಮತ್ತೆ ನನಗೆ ಕಾಣುವಂತೆ ಮಾಡಿಕೊಂಡೆ.

ಮತ್ತೆ ಫಾರ್ಮ್ ತುಂಬಿದ ಜಲಜಕ್ಕ ಹತ್ತೊಂಬತ್ತನೆಯವರು.

ಕಳೆದ ಭಾನುವಾರ ಸ್ಕೂಟರ್ ಕಲಿಸುವ ಮೈದಾನಕ್ಕೆ ಹೋಗಿದ್ದೆ. ಎರಡೂ ಕಾಲು ನೆಲಕ್ಕೆ ಊರುತ್ತಾ ಹೊರಟ ಜಲಜಕ್ಕ ಮೂರನೇ ಸುತ್ತಿಗೆ ಕಾಲೆತ್ತಿ ನನ್ನ ಮುಂದೆಯೇ ಹಾದುಹೋದರು. (ಬ್ರೇಕ್ ಯಾವುದು ಎಂದು ಕೇಳಿದ್ದು ಆಮೇಲೆ.)

ಉತ್ತರ ಬಾರದಾಗ ಉತ್ತರಿಸದವರನ್ನೇ ದೂರುತ್ತೇವೆ. ಪ್ರಶ್ನೆ ಬೇಕಿತ್ತೇ ಎಂದು ಕೇಳಿಕೊಳ್ಳುವುದು ಯಾವಾಗ?