ಮುದುಕವ್ವನ ಬದನೆ ಬೀಜ

ನನ್ನ ಅತ್ತೆ ಮುದುಕವ್ವನ ಕೈಯ ಏಟು ತಿನ್ನದ ಜೀವ ಬಬಲೇಶ್ವರದ ನಮ್ಮ ಓಣಿಯಲ್ಲಿ ಇಲ್ಲ. ಹಿತ್ತಲಿಗೆ ನುಗ್ಗಿದ ಆಡಿನ ಕಾಲು ಮುರಿದಿದ್ದಾಳೆ. ಅದನ್ನು ಕೇಳಲು ಬಂದ ರಸೂಲಸಾಬರ ಮೇಲೆ ಸಗಣಿ ಬುಟ್ಟಿ ಎಸೆದಿದ್ದಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ತಿಳಿಯದೆ ಬೀಜಕ್ಕೆ ಬಿಟ್ಟ ಹೀರೇಕಾಯಿ ಕೊಯ್ದು ಪಲ್ಯ ಮಾಡಿದ್ದೆ. ಆಕೆಯ ಕೈಯ ಕಾದ ಸೌಟು ನನ್ನ ಮುಂಗೈ ಮೇಲೆ ಬಿತ್ತು. ಕಲೆ ಇನ್ನೂ ಇದೆ. ಜನ ಆಕೆಯನ್ನು ಗಟ್ಟಿಗಿತ್ತಿ ಎಂದು ಹೊಗಳುತ್ತಾರೆ. ಹೊಗಳಲಿ, ಏಟು ತಿಂದವರು ಅವರಲ್ಲವಲ್ಲ.

ಇಷ್ಟೆಲ್ಲ ಬೀಜದ ಸಲುವಾಗಿ. ಅಂಗಡಿಯ ಬೀಜದ ಪಾಕೀಟು ಕಂಡರೆ ಆಕೆಗೆ ಆಗದು. ಮೊದಲ ಕಾಯಿಗಳಲ್ಲಿ ಚೆಂದದ್ದನ್ನು ಆರಿಸಿ, ಗುರುತಿಗೆ ಚಿಂದಿ ಕಟ್ಟಿ, ಗಿಡದಲ್ಲೇ ಹಣ್ಣಾಗಲು ಬಿಡುತ್ತಾಳೆ. ಆಮೇಲೆ ಬೀಜ ಒಣಗಿಸಿ ಬೂದಿಯಲ್ಲಿ ಕಲಸಿ ಗಡಿಗೆಗೆ ಹಾಕುತ್ತಾಳೆ. ಬದನೆ ಬೀಜ ಆಕೆಯ ತಾಯಿ ಕೊಟ್ಟದ್ದು. ತವರು ತಿಕೋಟಾದಲ್ಲಿ ಹಿತ್ತಲವರೆಗೂ ದ್ರಾಕ್ಷಿ ಬಂದ ಮೇಲೆ ಆ ತಳಿ ಅಲ್ಲೂ ಉಳಿದಿಲ್ಲ. ಹೋದ ವರ್ಷ ಗಡಿಗೆಗೆ ಹುಳ ಬಿತ್ತು. ಉಳಿದದ್ದು ಹಿತ್ತಲಿನ ಒಂದೇ ಗಿಡ, ಅದರಲ್ಲಿ ಹಳದಿಯಾಗುತ್ತಿದ್ದ ಎರಡು ಕಾಯಿ. ಅವು ಹೋದರೆ ತಳಿಯೇ ಹೋದಂತೆ.

ಬಿತ್ತುವ ಮೊದಲು ನೆಲದಲ್ಲಿ ಕುರಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ರಾತ್ರಿ ಕುರಿ ಅಲ್ಲೇ ಮಲಗಿದರೆ ಹಿಕ್ಕೆಯೇ ಗೊಬ್ಬರ. ಅತ್ತೆಯ ಮೈದುನ ಅಮೋಘಿ ಕುರಿ ಕಾಯುವವನು. ಅವನ ಕುರಿಗಳನ್ನು ಮೂರು ದಿನ ಹಿತ್ತಲಲ್ಲಿ ನಿಲ್ಲಿಸಲು ಹೇಳಿ, ಬದನೆ ಗಿಡದ ಸುತ್ತ ತಾನೇ ಜಾಲಿಮುಳ್ಳು ಒಟ್ಟಿ, ಮಗಳ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆಂದು ಅತ್ತೆ ತಿಕೋಟಾಕ್ಕೆ ಹೋದಳು.

ನಾನು ಆಗ ಆರು ತಿಂಗಳ ಬಸುರಿ. ಅದೇ ಸಂಜೆ ಬಟ್ಟೆ ಒಣಹಾಕಲು ಹೋದಾಗ ಸೀರೆ ಮುಳ್ಳಿಗೆ ಸಿಕ್ಕು ಪರ್ರೆಂದು ಹರಿಯಿತು. ಸಿಟ್ಟು ನೆತ್ತಿಗೇರಿತು. ಸೌಟಿನ ಏಟೂ ನೆನಪಾಗಿರಬೇಕು. ಎರಡು ಮುಳ್ಳಿನ ಕಂಟಿ ಎಳೆದು ಗೋಡೆಯಾಚೆ ಬಿಸಾಕಿದೆ. ಬೆಳಿಗ್ಗೆ ನೋಡಿದರೆ ಕುರಿಗಳು ಕಾಯಿ ಸಮೇತ ಮೇದುಬಿಟ್ಟಿದ್ದವು, ಗಿಡದ ಜಾಗದಲ್ಲಿ ಗೇಣುದ್ದ ಕಡ್ಡಿ ನಿಂತಿತ್ತು.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಬಸ್ಸಿಳಿದು ನೇರ ಹಿತ್ತಲಿಗೆ ಬಂದಳು. ಅಮೋಘಿ ಕುರಿ ಕೂಡಿದ್ದ ಹಟ್ಟಿಯ ಬಲೆ ಬಿಚ್ಚುತ್ತಿದ್ದ.

"ಲೇ ಅಮೋಘಿ, ಮುಳ್ಳ ಯಾರ ತಗದಾರೋ?"

ಅವನು ನನ್ನ ಕಡೆ ಒಮ್ಮೆ ನೋಡಿದ. ನನ್ನ ಮುಖದಲ್ಲಿ ಅವನಿಗೆ ಎಲ್ಲ ಕಂಡಿತು.

"ನಾನ ತಗದೇನ್ರಿ ವೈನಿ. ಹಟ್ಟಿ ಬಾಗಲಕ್ಕ ಬೇಕಾಗಿತ್ತು."

ಅತ್ತೆ ಸಲಿಕೆ ಎತ್ತಿದಳು. ಮೊದಲ ಏಟು ಬಲ ಮೊಣಕೈಗೆ. ಜೋಳದ ದಂಟು ಮುರಿದಂಥ ಸದ್ದು ಬಂತು. ಎರಡನೆಯದು ಹೆಗಲಿಗೆ. ಬಿದ್ದವನ ಬೆನ್ನಿಗೆ ಮೂರನೆಯದು, ನಾಲ್ಕನೆಯದು. ಹಿಕ್ಕೆಯ ಮೇಲೆ ರಕ್ತ ಸುರಿಯಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಹೇಡಿ ನಾನು, ಬೇರೆ ಮಾತಿಲ್ಲ.

ವಿಜಯಪುರದ ದವಾಖಾನೆಯಲ್ಲಿ ಅಮೋಘಿ ಬೈಕಿನಿಂದ ಬಿದ್ದೆ ಎಂದು ಹೇಳಿದ. ಕೈ ಕೂಡಿತು, ಆದರೆ ಮಡಚಲು ಬರಲಿಲ್ಲ. ಕಲ್ಲು ಬೀಸಿ ಕುರಿ ತಿರುಗಿಸಲಾಗದವನು ಕುರಿ ಕಾಯುವುದು ಹೇಗೆ? ಎರಡೇ ತಿಂಗಳಲ್ಲಿ ಕುರಿಯೆಲ್ಲ ಮಾರಿ ಹಟ್ಟಿ ಖಾಲಿಯಾಯಿತು.

ಅಷ್ಟರಲ್ಲಿ ಮಳೆ ಬಿದ್ದಿತ್ತು. ಕುರಿ ಮಲಗಿದ ಕಡೆಯೆಲ್ಲ ಹಿಕ್ಕೆಯೊಳಗಿಂದ ಬದನೆ ಸಸಿ ಎದ್ದವು, ಒಂದಲ್ಲ ಎರಡಲ್ಲ, ಹಿಡಿ ಹಿಡಿಯಾಗಿ. ಅತ್ತೆ ಕೆಸರಲ್ಲಿ ಕೂತು ನಕ್ಕಳು, ಆಮೇಲೆ ಅತ್ತಳು. ಸಸಿಗಳನ್ನು ಕಿತ್ತು ಸಾಲಾಗಿ ಹಚ್ಚಿದಳು.

ಮೊದಲ ಕಾಯಿ ಬಂದಾಗ ಎಣ್ಣೆಗಾಯಿ ಮಾಡಿ, ರೊಟ್ಟಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಅಮೋಘಿಯ ಮನೆಗೆ ಹೋದಳು. ನನ್ನ ಮಡಿಲಲ್ಲಿ ಹಸುಗೂಸಿತ್ತು. ಅವನು ಎಡಗೈಯಿಂದ ರೊಟ್ಟಿ ಮುರಿಯುವುದನ್ನು ನೋಡುತ್ತ ಅತ್ತೆ ಅಂದಳು:

"ಬೀಜ ಹೋಗಿಲ್ಲೋ ತಮ್ಮಾ. ಸುಮ್ಮಸುಮ್ಮನ ಹೊಡದೆ ನಿನ್ನ. ಆದ್ರೂ ನೀ ಮುಳ್ಳ ತಗೀಬಾರದಿತ್ತು."

ಇನ್ನು ನನಗೆ ತಡೆಯಲಾಗಲಿಲ್ಲ. "ಮುಳ್ಳ ತಗದಾಕಿ ನಾನ್ರಿ ಅತ್ತಿ."

ಅತ್ತೆ ಅಮೋಘಿಯತ್ತ ತಿರುಗಿದಳು. "ಮತ್ತ ನೀ ಯಾಕ ಸುಳ್ಳ ಹೇಳಿದ್ಯೋ?"

"ಬಸರಿ ಹುಡುಗಿ, ವೈನಿ. ನಿಮ್ಮ ಸಿಟ್ಟ ನನಗ ಗೊತ್ತಿಲ್ಲೇನ್ರಿ?"

ಅತ್ತೆ ನನ್ನ ಮಡಿಲಿನ ಕೂಸನ್ನು ಬಹಳ ಹೊತ್ತು ನೋಡಿದಳು. ನನಗೆ ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಆಕೆ ಹೊಸ್ತಿಲ ಕಲ್ಲಿಗೆ ತನ್ನ ಬಲಗೈ ಬಡಿದುಕೊಳ್ಳತೊಡಗಿದಳು. ಬಳೆ ಒಡೆದವು, ಬೆರಳ ಗೆಣ್ಣು ಒಡೆದು ರಕ್ತ ಚಿಮ್ಮಿತು, ಆದರೂ ಬಡಿಯುತ್ತಲೇ ಇದ್ದಳು. ಅಮೋಘಿ ಎಂಜಲು ಕೈಯಲ್ಲೇ ಆಕೆಯ ಮಣಿಕಟ್ಟು ಹಿಡಿದುಕೊಂಡ.

"ಬಿಡೋ!" ಎಂದು ಅರಚಿದಳು.

ಅವನು ಬಿಡಲಿಲ್ಲ.