ಅತ್ತೆಯ ಗಾಜಿನ ಪಟ

ದೆವ್ವ, ಗಾಳಿ ಎಂದು ಯಾರಾದರೂ ಮಾತು ಶುರು ಮಾಡಿದರೆ ಎದ್ದು ಅಡುಗೆಮನೆಗೆ ಹೋಗುವವಳು ನಾನು. ಇದನ್ನು ಓದುತ್ತ ನೀವೂ ಹಾಗೆ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಮೊಬೈಲಿಗೆ ಕ್ಯಾಮೆರಾ ಬರತೊಡಗಿದ್ದ ಕಾಲ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ರಘು ಎಂಬ ಕಾಲೇಜು ಮೇಷ್ಟರು ಬಾಡಿಗೆಗಿದ್ದರು. ಹಳೇ ಕಾಲದವರಂತೆ ಗಾಜಿನ ಮೇಲೆ ಫೋಟೋ ತೆಗೆಯುವ ಹುಚ್ಚು ಅವರಿಗೆ. ನಮ್ಮ ಅತ್ತೆಗೆ ಇನ್ನೊಂದು ಹುಚ್ಚು: ಸತ್ತ ಮೇಲೆ ಹಾರ ಹಾಕುವ ಪಟವನ್ನು ಬದುಕಿರುವಾಗಲೇ ಮಾಡಿಸಿಡಬೇಕು. ತೀರಿಹೋದ ಮಾವನ ಪಟವನ್ನು ವೋಟರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದೆವು. ಪೊಲೀಸರು ಹಿಡಿದು ತಂದ ಕಳ್ಳನ ಹಾಗೆ ಕಾಣುತ್ತಿದ್ದರು. ತಮಗೂ ಅದೇ ಗತಿಯಾದೀತು ಎಂಬ ಭಯ ಅತ್ತೆಗೆ.

ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಕುರ್ಚಿ ಹಾಕಿ ಅವರನ್ನು ಕೂರಿಸಿದೆವು. ರಘು ಗಾಜಿಗೆ ಮದ್ದು ಸುರಿದು, ಅದು ಒಣಗುವ ಮೊದಲೇ ಕ್ಯಾಮೆರಾದೊಳಗೆ ಇಟ್ಟರು. ಆಸ್ಪತ್ರೆಯ ವಾಸನೆ ಬಂತು.

"ನಾನು ಹೇಳೋವರೆಗೂ ಅಲ್ಲಾಡಬೇಡಿ ಅಮ್ಮಾ. ಅಲ್ಲಾಡಿದ್ದು ಯಾವುದೂ ಗಾಜಿನಲ್ಲಿ ನಿಲ್ಲಲ್ಲ," ಎಂದರು.

ನಾನು ಪಕ್ಕದಲ್ಲೇ ನಿಂತು ಅತ್ತೆಯ ಮುಖ ನೋಡುತ್ತಿದ್ದೆ. ಆಗಷ್ಟೇ ತೊಳೆದು ಬಂದ ಚೊಕ್ಕ ಮುಖ.

ಕತ್ತಲು ಮಾಡಿಕೊಂಡ ಬಚ್ಚಲಿನಲ್ಲಿ ಗಾಜನ್ನು ತೊಳೆದು ತಂದು ರಘು ಕಪ್ಪು ಬಟ್ಟೆಯ ಮೇಲಿಟ್ಟರು. ಅತ್ತೆ ಚೆನ್ನಾಗಿಯೇ ಬಂದಿದ್ದರು. ಆದರೆ ಕಣ್ಣಿನ ಮೂಲೆಗಳಲ್ಲಿ, ತುಟಿಯ ಸಂದಿಯಲ್ಲಿ ನೊಣಗಳು ಮುತ್ತಿದ್ದವು. ಮದ್ದಿನ ಕಲೆಯೇನೋ ಎಂದು ಬಗ್ಗಿ ನೋಡಿದೆ. ಕಾಲು, ರೆಕ್ಕೆ ಎಲ್ಲ ಸ್ಪಷ್ಟವಾಗಿದ್ದವು. ಹೆಣದ ಮುಖಕ್ಕೆ ಮುತ್ತುವ ಹಾಗೆ ಮುತ್ತಿಕೊಂಡು, ಕದಲದೆ ಕೂತಿದ್ದವು. ಬಾಯಿಗೆ ಸೆರಗು ಹಿಡಿದುಕೊಂಡೆ.

ರಘು ಸುತ್ತ ನೋಡಿ, "ಇಲ್ಲಿ ಒಂದು ನೊಣಾನೂ ಇಲ್ವಲ್ಲ ಮೇಡಂ," ಎಂದು ಪಿಸುಗುಟ್ಟಿದರು. ಆಸೆಯಿಂದ ಕೂತಿದ್ದ ಮುದುಕಿಗೆ ಇದನ್ನು ತೋರಿಸುವುದು ಹೇಗೆ? ಗಾಜನ್ನು ಬಟ್ಟೆಯಲ್ಲಿ ಸುತ್ತಿಟ್ಟು, "ಕೆಟ್ಟೋಯ್ತಮ್ಮಾ, ಇನ್ನೊಂದು ತೆಗೀತೀನಿ," ಎಂದರು.

ಅತ್ತೆ ಅಂಗೈಯಿಂದ ತುಟಿ ಒರೆಸಿಕೊಂಡರು.

"ಇನ್ನೊಂದು ಸಲ ನನ್ ಕೈಲಾಗಲ್ಲಪ್ಪ. ಅಲ್ಲಾಡಬೇಡಿ ಅಂದ್ರಲ್ಲ ಅಂತ ಓಡಿಸದೆ ಕೂತಿದ್ದೆ. ಒಂದಂತೂ ಬಾಯೊಳಗೇ ಹೋಯ್ತು."

ಅತ್ತೆ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಮತ್ತೆ ಪಟದ ಮಾತೆತ್ತಿಲ್ಲ. ಅಂದು ಅವರ ಬಾಯೊಳಗೆ ಹೋದದ್ದು ಏನು ಎಂದು ನಾನೂ ಕೇಳಿಲ್ಲ, ಯಾರು ಕೇಳಿದರೂ ಹೇಳಲಾರೆ. ಅವರು ಕುಡಿದಿಟ್ಟ ಲೋಟವನ್ನು ಮಾತ್ರ ಇಂದಿಗೂ ಬೇರೆಯಾಗಿ ತೊಳೆಯುತ್ತೇನೆ.